ಟೈಟಲ್ ಕಾರ್ಡಿನಲ್ಲಿ ಸ್ರಾಂಕ್

ಬೆಂಗಳೂರಿನಿಂದ ಬಂದ ಟೀವಿ ಯೂನಿಟ್‌ನವರಿಗೆ ಮಲಯಾಳ ಬಾರದು, ನೀಲೇಶ್ವರದ ದೋಣಿಯವರಿಗೆ ಕನ್ನಡ ಅಷ್ಟಾಗಿ ಬಾರದು. ಕುಂಬಳೆಯವಳಾದ ನನಗೆ ಎರಡೂ ಬರುತ್ತದೆಂದು ಮಾತು ದಾಟಿಸುವ ಕೆಲಸಕ್ಕೆ ಕರೆದಿದ್ದರು. ಸರಕು ಹಡಗಿನಲ್ಲಿ ಬೋಸನ್, ಅಂದರೆ ಡೆಕ್ಕಿನ ನಾವಿಕರ ಮೇಲಾಳು ಆಗಿದ್ದು ನಿವೃತ್ತರಾದ ದೊಡ್ಡಪ್ಪನೂ ಜೊತೆಗೆ ಹೊರಟರು. ನಮ್ಮ ಕಾಸರಗೋಡು ಜಿಲ್ಲೆಯ ಉದುಮ, ಕೋಟಿಕುಳಂ ಕಡೆ ಹಡಗಿನ ಕೆಲಸದವರ ಮನೆಗಳು ಬಹಳ. ದೊಡ್ಡಪ್ಪನ ಹಳೆಯ ಜೊತೆಗಾರರೆಲ್ಲ ಅಲ್ಲಿಯವರೇ.

ಕೋಟ್ಟಪ್ಪುರಂ ಜೆಟ್ಟಿಯಿಂದ ಹೌಸ್‌ಬೋಟು ವಲಿಯಪರಂಬದ ಹಿನ್ನೀರಿಗೆ ಇಳಿಯಿತು. ಇಂಜಿನ್ ನಿಲ್ಲಿಸಿ ಮೊದಲ ಶಾಟ್‌ಗೆ ಸಿದ್ಧವಾಗುತ್ತಿದ್ದಾಗ ನಿರ್ದೇಶಕರು "ಬೂಮ್ ಸ್ವಲ್ಪ ಈ ಕಡೆ" ಎಂದು ಕೂಗಿದರು. ದೊಡ್ಡಪ್ಪ ಥಟ್ಟನೆ ತಲೆ ತಗ್ಗಿಸಿದರು. ಅವರ ಹಿಂದೆ ನಿಂತಿದ್ದ ಹುಡುಗ ತುದಿಗೆ ಮೈಕ್ ಕಟ್ಟಿದ ಉದ್ದನೆಯ ಕೋಲನ್ನು ಸರಿಸಿದ, ಅಷ್ಟೆ.

"ಬೂಮ್ ಅಂತ ಕೇಳಿದ್ರೆ ಮೊದಲು ತಲೆ ಬಗ್ಗಿಸ್ಬೇಕು, ಯಾಕೆ ಅಂತ ಆಮೇಲೆ ಕೇಳ್ಬೇಕು ಮಾರಾಯ. ನಮಗೆ ಕಲಿಸಿದ್ದೇ ಹಾಗೆ" ಎಂದು ಅವರು ಆ ಹುಡುಗನಿಗೆ ಹೇಳಿದರು. ಡಚ್ ಭಾಷೆಯಲ್ಲಿ ಬೂಮ್ ಎಂದರೆ ಮರ. ಹಾಯಿಯ ಬುಡಕ್ಕೆ ಕಟ್ಟುವ ಅಡ್ಡಮರಕ್ಕೆ ಆ ಹೆಸರು ಬಂತು, ಆಮೇಲೆ ಸರಕು ಎತ್ತುವ ಡೆರಿಕ್‌ನ ತೋಳಿಗೆ, ಕೊನೆಗೆ ಮೈಕಿನ ಕೋಲಿಗೆ. ಗಾಳಿ ದಿಕ್ಕು ಬದಲಿಸಿದಾಗ ಹಾಯಿಯ ಬೂಮ್ ಬೀಸಿ ಬರುವ ರಭಸಕ್ಕೆ ತಲೆ ಒಡೆದು ಸತ್ತವರಿದ್ದಾರೆ. ಹುಡುಗ ತನ್ನ ಕೈಯಲ್ಲಿದ್ದ ಕೋಲನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದ.

ಆಮೇಲೆ ಮಾತು ನಿಲ್ಲಲಿಲ್ಲ. ಅಂದು ಚಿತ್ರೀಕರಿಸುತ್ತಿದ್ದುದು ಪೈಲಟ್ ಎಪಿಸೋಡು. ಅದನ್ನು ನೋಡಿಯೇ ಚಾನೆಲ್‌ನವರು ಮುಂದಿನ ಕಂತುಗಳನ್ನು ತೀರ್ಮಾನಿಸುವುದು. ದೊಡ್ಡಪ್ಪನಿಗೆ ಪೈಲಟ್ ಎಂದರೆ ಪಣಂಬೂರಿನ ಬಂದರಿನಿಂದ ಚಿಕ್ಕ ಬೋಟಿನಲ್ಲಿ ಬಂದು, ಹಗ್ಗದ ಏಣಿ ಹಿಡಿದು ಹಡಗು ಹತ್ತುವ ಮನುಷ್ಯ. ನೀರಿನ ಆಳ, ಸೆಳೆತ, ತಿರುವು ಎಲ್ಲ ಬಲ್ಲವನು. ಸಾಗರಗಳನ್ನು ದಾಟಿ ಬಂದ ಕ್ಯಾಪ್ಟನ್ ಕೂಡ ಬಂದರಿನ ಬಾಗಿಲಲ್ಲಿ ಅವನ ಮಾತಿನಂತೆ ಹಡಗು ತಿರುಗಿಸುತ್ತಾನೆ.

ಹಡಗಿನ ಲಂಗರಿಗಿರುವ ಆ್ಯಂಕರ್ ಎಂಬ ಪದದ ದಾರಿ ಇನ್ನೂ ಸುತ್ತಿನದು. ಹಗ್ಗಜಗ್ಗಾಟದಲ್ಲಿ ಎಲ್ಲರ ಹಿಂದೆ, ಹಗ್ಗವನ್ನು ಮೈಗೆ ಸುತ್ತಿಕೊಂಡು ಕಾಲೂರಿ ನಿಲ್ಲುವವನು ಆ್ಯಂಕರ್. ಕಾಸರಗೋಡಿನ ಯಾವ ಊರಲ್ಲಾದರೂ ಓಣಂ ಸಮಯಕ್ಕೆ ಅವನನ್ನು ನೋಡಬಹುದು. ರಿಲೇ ಓಟದಲ್ಲಿ ಕೊನೆಗೆ ಓಡುವವನೂ ಆ್ಯಂಕರ್. 1952ರಲ್ಲಿ ಅಮೆರಿಕದ ಪಕ್ಷಗಳ ಮಹಾಧಿವೇಶನಗಳನ್ನು ಟೀವಿಯಲ್ಲಿ ನಡೆಸಿಕೊಟ್ಟ ವಾಲ್ಟರ್ ಕ್ರಾಂಕೈಟ್ ಅವರನ್ನೂ ಅದೇ ಹೆಸರಿನಿಂದ ಕರೆದರು. ಲಂಗರಿನ ಕೆಲಸ ಹಿಡಿದು ನಿಲ್ಲಿಸುವುದು. ಎಷ್ಟು ಕೈ ದಾಟಿದರೂ ಪದ ಆ ಗುಣವನ್ನು ಬಿಟ್ಟಿಲ್ಲ, ನನಗೆ ಬಹಳ ಹಿಡಿಸಿದ್ದು ಇದೇ.

ಊಟದ ಹೊತ್ತಿಗೆ ಲೈಟಿಂಗ್ ಮುಖ್ಯಸ್ಥರು ತಮ್ಮ ಗ್ಯಾಫರ್ ಎಂಬ ಹುದ್ದೆಯೂ ಹಡಗಿನದೇ, ಗ್ಯಾಫ್ ಎಂಬ ಕೊಕ್ಕೆಗೋಲಿನಿಂದ ಬಂದದ್ದು ಎಂದರು. ನಿಘಂಟು ಬೇರೆ ಹೇಳುತ್ತದೆ, ಗಾಡ್‌ಫಾದರ್ ಸವೆದು ಹಿರಿಯರನ್ನು ಕರೆಯುವ ಗ್ಯಾಫರ್ ಆಯಿತಂತೆ. ಆದರೆ ರಿಗ್ಗಿಂಗ್ ವಿಷಯದಲ್ಲಿ ಅನುಮಾನವಿಲ್ಲ. ಹಾಯಿ ಏರಿಸುವ ಹಗ್ಗ, ರಾಟೆ, ಗಂಟುಗಳೇ ಯುರೋಪಿನ ರಂಗಮಂದಿರಗಳಲ್ಲಿ ಪರದೆ ಎತ್ತುವ ವ್ಯವಸ್ಥೆಯಾದವು, ಅಲ್ಲಿಂದ ಸಿನಿಮಾ ಸೆಟ್ಟಿಗೂ ಬಂದವು.

ಇಷ್ಟೆಲ್ಲ ಮಾತಾಡುವಾಗ ನಮ್ಮ ದೋಣಿ ನಡೆಸುತ್ತಿದ್ದವರು ಸುಮ್ಮನೆ ಕೇಳುತ್ತಿದ್ದರು. ನಾನು ಅವರಿಗೆ ಮಲಯಾಳದಲ್ಲಿ ವಿವರಿಸಿದಾಗ ಕಪಾಟಿನಿಂದ ತಮ್ಮ ಲೈಸೆನ್ಸ್ ತೆಗೆದು ತೋರಿಸಿದರು. ಅದರಲ್ಲಿದ್ದ ಹುದ್ದೆ ಸ್ರಾಂಕ್, ಸೆರಾಂಗ್ ಎಂಬ ಪದದ ಮಲಯಾಳ ರೂಪ. ಅವರ ಜೊತೆಗಿದ್ದವರು ಲಸ್ಕರ್. ದೊಡ್ಡಪ್ಪ ಎದ್ದು ನಿಂತು ಅವರ ಕೈ ಹಿಡಿದುಕೊಂಡರು. ಉಗಿಹಡಗುಗಳ ಕಾಲದಲ್ಲಿ ಭಾರತದ ನಾವಿಕರಲ್ಲಿ ಮೇಲಿನವನು ಸೆರಾಂಗ್, ಅವನ ಕೆಳಗೆ ತಂಡೇಲ, ಆಮೇಲೆ ಉಳಿದ ಲಸ್ಕರುಗಳು. ಬೋಸನ್‌ಗೆ ನಮ್ಮವರ ಬಾಯಲ್ಲಿದ್ದ ಹೆಸರೇ ಸೆರಾಂಗ್. ನಮ್ಮ ಕರಾವಳಿಯ ಮೀನು ಬೋಟುಗಳಲ್ಲಿ ಇವತ್ತಿಗೂ ತಂಡೇಲನಿದ್ದಾನೆ. ಪರ್ಷಿಯನ್‌ನಲ್ಲಿ ಸರ್‌ಹಂಗ್ ಎಂದರೆ ದಳಪತಿ, ಲಶ್ಕರ್ ಎಂದರೆ ಸೈನ್ಯ. ಯೂನಿಟ್‌ನವರು ತಮ್ಮನ್ನು ಕರೆದುಕೊಳ್ಳುವ ಕ್ರೂ ಎಂಬ ಪದವೂ ಹಳೆಯ ಫ್ರೆಂಚಿನಲ್ಲಿ ಸೈನ್ಯಕ್ಕೆ ಬಂದು ಸೇರುವ ಹೆಚ್ಚುವರಿ ಬಲವನ್ನೇ ಸೂಚಿಸುತ್ತಿತ್ತು. ಅಂದರೆ ದೋಣಿಯ ಆ ತುದಿ, ಈ ತುದಿಯಲ್ಲಿ ನಿಂತವರ ಹೆಸರುಗಳೆಲ್ಲ ದಂಡಿನಿಂದಲೇ ಬಂದವು.

ಸಂಜೆ ಜೆಟ್ಟಿಗೆ ಮರಳುವಾಗ ಸಹಾಯಕ ನಿರ್ದೇಶಕಿ ಟೈಟಲ್ ಕಾರ್ಡಿಗೆ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದರು. ಬೂಮ್ ಹಿಡಿದ ಹುಡುಗನ ಹೆಸರಿತ್ತು, ಗ್ಯಾಫರ್ ಇದ್ದರು, ನನ್ನ ಹೆಸರೂ ಇತ್ತು. ಕೊನೆಯಲ್ಲಿ "ಸಹಕಾರ: ದೋಣಿಯವರು" ಎಂದಿತ್ತು. ನನಗೆ ತಡೆಯಲಾಗಲಿಲ್ಲ. ಇಡೀ ದಿನ ಕ್ಯಾಮರಾ ಅಲುಗದಂತೆ ದೋಣಿ ಹಿಡಿದವರು ಅವರು, ಬೆಳಕಿಗೆ ತಕ್ಕಂತೆ ಮೂತಿ ತಿರುಗಿಸಿ ಕೊಟ್ಟವರೂ ಅವರೇ. ಸರಕಾರ ಲೈಸೆನ್ಸ್ ಕೊಟ್ಟ ಹುದ್ದೆಯಿದೆ, ಅದನ್ನೇ ಬರೆಯಿರಿ ಎಂದೆ. ಆಕೆ ವಾದ ಮಾಡಲಿಲ್ಲ, ಪೆನ್ನು ನನ್ನ ಕೈಗೆ ಕೊಟ್ಟರು. ಲೈಸೆನ್ಸಿನಲ್ಲಿದ್ದ ಹೆಸರುಗಳನ್ನು ಒಂದೊಂದೇ ಅಕ್ಷರ ನೋಡಿ ಕನ್ನಡದಲ್ಲಿ ಬರೆದೆ.

ಪ್ರಸಾರವಾದಾಗ ಇಬ್ಬರ ಹೆಸರೂ ಬಂತು. ಸ್ರಾಂಕ್ ಸ್ರಾಂಕ್ ಆಗಿಯೇ ಇದ್ದರು, ಲಸ್ಕರ್ ಮಾತ್ರ "ಸಹಾಯಕ" ಆಗಿದ್ದರು. ಮುಂದಿನ ಕಂತಿಗೆ ಅದನ್ನೂ ತಿದ್ದಬೇಕೆಂದು ಹೇಳಿ ಕಳಿಸಿದ್ದೇನೆ.