ಸ್ವಿಫ್ಟ್ ಬ್ರೇಕ್ ನಡುಕ: ಕೊನೆಗೂ ಕಾರಣ ಸಿಕ್ಕಿದ್ದು ಹಬ್ ಮೇಲೆ

ಬ್ರೇಕ್ ಒತ್ತಿದಾಗಲೆಲ್ಲ ನನ್ನ ಸ್ವಿಫ್ಟ್ ಕಾರಿಗೆ ಬರುತ್ತಿದ್ದ ನಡುಕ ಅಂತೂ ನಿಂತಿದೆ. ಮಡಿಕೇರಿಯಿಂದ ಸಂಪಾಜೆ ತನಕ ಘಾಟಿ ಪೂರ್ತಿ ಇಳಿದೆ. ಬ್ರೇಕ್ ಡಿಸ್ಕ್ (ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ) ಚೆನ್ನಾಗಿ ಕಾದಿರುವಾಗಲೇ ಸುಳ್ಯದ ಕಡೆ ರಸ್ತೆ ನೇರ ಆದಲ್ಲಿ ಗಂಟೆಗೆ 80 ಕಿ.ಮೀ. ವೇಗದಿಂದ ಬ್ರೇಕ್ ಒತ್ತಿ ನೋಡಿದೆ. ಸ್ಟೇರಿಂಗ್ ಅಲುಗಲಿಲ್ಲ. ಪೆಡಲ್ ಕೂಡ ಕಾಲಿಗೆ ಬಡಿಯಲಿಲ್ಲ. ಇಷ್ಟು ಖುಷಿ ಈ ಗಾಡಿ ಕೊಟ್ಟು ತುಂಬಾ ಕಾಲ ಆಗಿತ್ತು.

ಹಿಂದಿನ ಸಲ ಎಲ್ಲಿ ನಿಲ್ಲಿಸಿದ್ದೆ ಅಂದರೆ, ಮುಂದಿನ ಎರಡೂ ಡಿಸ್ಕ್ ಲೇತ್‌ಗೆ ಹಾಕಿಸಿ ಸಮ ಮಾಡಿಸಿ, ಡಿಸ್ಕನ್ನು ಹಿಡಿಯುವ ಪ್ಯಾಡ್ ಹೊಸದು ಕೂರಿಸಿ, ಆ ಪ್ಯಾಡನ್ನು ಒತ್ತುವ ಕ್ಯಾಲಿಪರ್‌ನ ಪಿನ್‌ಗಳಿಗೆ ಗ್ರೀಸ್ ಹಚ್ಚಿ ಮುಗಿಸಿದ್ದೆ. ಸ್ವಲ್ಪ ಕಾಲ ಎಲ್ಲ ಸರಿ ಇತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ನಡುಕ ವಾಪಸ್. ತಪ್ಪು ಹಿಂದಿನ ಚಕ್ರಗಳ ಡ್ರಮ್ ಬ್ರೇಕಿನದಲ್ಲ ಅಂತ ಮೊದಲೇ ಗೊತ್ತಿತ್ತು. ಖಾಲಿ ರಸ್ತೆಯಲ್ಲಿ, ಹಿಂದಿನ ಚಕ್ರ ಮಾತ್ರ ಹಿಡಿಯುವ ಹ್ಯಾಂಡ್‌ಬ್ರೇಕಿನ ಬಟನ್ ಒತ್ತಿ ಹಿಡಿದು ನಿಧಾನಕ್ಕೆ ಎಳೆದರೆ ಗಾಡಿ ನೀಟಾಗಿ ನಿಲ್ಲುತ್ತಿತ್ತು. ಬೇರಿಂಗ್‌ನಲ್ಲಿ ಆಟ ಇಲ್ಲ, ಬಾಲ್ ಜಾಯಿಂಟ್, ಬುಷ್ ಎಲ್ಲ ಗಟ್ಟಿ.

"ಡಿಸ್ಕ್ ಬೆಂಡ್ ಅಣ್ಣ, ಘಾಟಿಯಲ್ಲಿ ಕಾದು ಕಾದು ಬೆಂಡ್ ಆಗ್ತದೆ" ಅಂತ ಮೆಕ್ಯಾನಿಕ್ ಹುಡುಗ ಹೇಳಿದ. ನಮ್ಮ ಕಡೆ ಯಾರನ್ನು ಕೇಳಿದರೂ ಇದೇ ಉತ್ತರ. ಆದರೆ ಎರಕದ ಕಬ್ಬಿಣದ ಡಿಸ್ಕ್ ಬರೀ ಘಾಟಿಯ ಬಿಸಿಗೆ ಸೊಟ್ಟಗಾಗುವುದು ಕಡಿಮೆ. ಹೆಚ್ಚಿನ ಸಲ ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇರುವುದಿಲ್ಲ. ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪ. ಪ್ಯಾಡ್ ಹಿಡಿದಾಗ ಚಕ್ರದ ಪ್ರತಿ ಸುತ್ತಿಗೂ ಒತ್ತಡ ಏರಿಳಿಯುತ್ತದೆ. 0.02 ಮಿ.ಮೀ. ವ್ಯತ್ಯಾಸ ಇದ್ದರೂ ಕೈಗೆ ಗೊತ್ತಾಗುತ್ತದೆ. 80ರ ವೇಗದಲ್ಲಿ ಇಂಥ ಚಕ್ರ ಸೆಕೆಂಡಿಗೆ ಸುಮಾರು 12 ಸುತ್ತು ತಿರುಗುತ್ತದೆ. ಸಸ್ಪೆನ್ಷನ್ ಅಲ್ಲಾಡಲು ಇಷ್ಟಪಡುವ ಲೆಕ್ಕವೂ ಹೆಚ್ಚುಕಡಿಮೆ ಅದೇ. ಹಾಗಾಗಿ 40ರಲ್ಲಿ ಸುಮ್ಮನಿದ್ದ ಗಾಡಿ 80ರಲ್ಲಿ ಕುಣಿಯುತ್ತದೆ.

ದಪ್ಪ ಅಳೆಯಲು ಮೈಕ್ರೋಮೀಟರ್ ಹಾಕಿದೆ. ಎಡಗಡೆ ಡಿಸ್ಕ್ ಸಮ. ಬಲಗಡೆ ಸರಿಯಾಗಿ 0.02 ವ್ಯತ್ಯಾಸ. ಕಾರಣ ಸಿಕ್ಕಿತು ಅಂತ ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಲೇತ್‌ನಿಂದ ಸಮವಾಗಿ ಬಂದ ಡಿಸ್ಕ್ ಇಷ್ಟು ಬೇಗ ಯಾಕೆ ಹೀಗಾಯಿತು? ಅದೂ ಬಲಗಡೆ ಮಾತ್ರ?

ತಿರುಗುವಾಗ ಎಷ್ಟು ಓಲಾಡುತ್ತದೆ ಅಂತ ತೋರಿಸುವ ಡಯಲ್ ಗೇಜ್ ತೆಗೆದೆ. ಚಕ್ರ ಬಿಚ್ಚಿದ ಮೇಲೆ ಡಿಸ್ಕನ್ನು ಹಾಗೇ ಅಳೆಯಬೇಡಿ, ಸಡಿಲ ಇರುತ್ತದೆ. ದಪ್ಪ ವಾಷರ್ ಹಾಕಿ ನಾಲ್ಕೂ ನಟ್ ಒಂದೇ ಸಮ ಬಿಗಿ ಮಾಡಿದ ಮೇಲೆ ಗೇಜ್ ಇಡಿ. ಗೇಜಿನ ಮ್ಯಾಗ್ನೆಟ್ ಬೇಸನ್ನು ಸ್ಟೇರಿಂಗ್ ನಕಲ್‌ಗೆ (ಚಕ್ರದ ಹಿಂದೆ ಇರುವ, ಅದರ ಜೊತೆ ಸುತ್ತದ ಭಾಗ) ಕಚ್ಚಿಸಿ, ಗೇಜಿನ ತುದಿಯನ್ನು ಡಿಸ್ಕಿನ ಹೊರ ಅಂಚಿನಿಂದ ಸ್ವಲ್ಪ ಒಳಗೆ ಇಟ್ಟು ತಿರುಗಿಸಿದೆ. 0.13 ಮಿ.ಮೀ. ಓಲಾಟ! 0.10 ದಾಟಿದರೆ ಜಾಸ್ತಿ ಅಂತಲೇ ಲೆಕ್ಕ. 0.05ರ ಒಳಗೆ ಇದ್ದರೆ ನನಗೆ ನೆಮ್ಮದಿ.

ಈಗ ಅಸಲಿ ಪರೀಕ್ಷೆ. ಡಿಸ್ಕ್ ಮತ್ತು ಚಕ್ರ ಕೂರುವ, ಅವುಗಳ ಜೊತೆ ತಿರುಗುವ ಭಾಗವೇ ಹಬ್. ಅದರಿಂದ ಹೊರಗೆ ಚಾಚಿರುವ ಬೋಲ್ಟ್‌ಗಳಿಗೆ, ಅಂದರೆ ಸ್ಟಡ್‌ಗಳಿಗೆ, 1, 2, 3, 4 ಅಂತ ಬರೆದೆ. ಡಿಸ್ಕ್ ಮೇಲೆ ಎತ್ತರದ ಜಾಗಕ್ಕೆ, ಅಂದರೆ ಗೇಜ್ ಅತಿ ಹೆಚ್ಚು ತೋರಿಸಿದಲ್ಲಿಗೆ, ಚಾಕ್‌ನಲ್ಲಿ ಗುರುತು ಹಾಕಿದೆ. ಅದು 3ನೇ ಸ್ಟಡ್ ಎದುರಿಗಿತ್ತು. ಡಿಸ್ಕ್ ಬಿಚ್ಚಿ ಒಂದು ಸ್ಟಡ್ ಆಚೆ ತಿರುಗಿಸಿ ಮತ್ತೆ ಕೂರಿಸಿದೆ. ಎತ್ತರದ ಜಾಗ ಚಾಕ್ ಗುರುತಿನ ಜೊತೆ ಹೋದರೆ ತಪ್ಪು ಡಿಸ್ಕಿನದು. 3ನೇ ಸ್ಟಡ್ ಹತ್ತಿರವೇ ಉಳಿದರೆ ತಪ್ಪು ಹಬ್‌ನದು. ಚಾಕ್ ಗುರುತು ಆಚೆ ಹೋಯಿತು. ಎತ್ತರ ಮಾತ್ರ 3ರಲ್ಲೇ ಕೂತಿತ್ತು. ಉಳಿದ ಎರಡು ಜಾಗದಲ್ಲೂ ಹಾಗೇ.

ಡಿಸ್ಕ್ ಪಕ್ಕಕ್ಕಿಟ್ಟು ಬರೀ ಹಬ್ ಅಳೆದೆ. ಅಂಚಿನಲ್ಲಿ 0.07. ಟಾರ್ಚ್ ಹಾಕಿ ನೋಡಿದರೆ 3ನೇ ಸ್ಟಡ್ ಬುಡದಲ್ಲಿ ತುಕ್ಕಿನ ಗಟ್ಟಿ ಪದರ. ಒಲೆಯ ಮೇಲೆ ಕಾವಲಿ ಇಟ್ಟಾಗ ಕೆಳಗೆ ಒಂದು ಕಡೆ ಇದ್ದಿಲು ಸಿಕ್ಕಿಕೊಂಡ ಹಾಗೆ. ಕಾವಲಿ ನೆಟ್ಟಗಿದೆ, ಕೂತದ್ದು ಓರೆ. ಡಿಸ್ಕಿನ ಅಂಚು ಹಬ್ ಅಂಚಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ದೂರ ಇರುವುದರಿಂದ ಆ 0.07 ಹೊರಗೆ ಬರುವಾಗ 0.13 ಆಗುತ್ತದೆ. ಲೆಕ್ಕ ಎಷ್ಟು ಚೆನ್ನಾಗಿ ಕೂತಿತು ನೋಡಿ!

ಲೇತ್‌ನವರ ಕೆಲಸದಲ್ಲಿ ಕೊರತೆ ಇರಲಿಲ್ಲ. ಅವರ ಲೇತ್‌ನ ಹಿಡಿಕೆಯಲ್ಲಿ ಡಿಸ್ಕ್ ನೆಟ್ಟಗೇ ಇತ್ತು. ನಮ್ಮ ಹಬ್ ಮೇಲೆ ಓರೆಯಾಯಿತು. ಓರೆ ಕೂತ ಡಿಸ್ಕ್ ಬ್ರೇಕ್ ಒತ್ತದೇ ಓಡುವಾಗಲೂ ಪ್ರತಿ ಸುತ್ತಿಗೆ ಒಂದೇ ಜಾಗದಲ್ಲಿ ಪ್ಯಾಡಿಗೆ ಸವರುತ್ತದೆ. ಕಿಲೋಮೀಟರ್ ಕಳೆದ ಹಾಗೆ ಆ ಜಾಗ ಸವೆದು ತೆಳುವಾಗುತ್ತದೆ. ಆಮೇಲೆ ನಡುಕ. ಹಬ್ ನೋಡದೆ ಎಷ್ಟು ಸಲ ಲೇತ್‌ಗೆ ಹಾಕಿಸಿದರೂ ಇದೇ ಕಥೆ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿ ಒದ್ದೆಯಲ್ಲೇ ನಿಲ್ಲುತ್ತದೆ ಅಲ್ವಾ, ಇಲ್ಲಿನ ಹಬ್‌ಗೆ ತುಕ್ಕು ಹಿಡಿಯದೆ ಇನ್ನೆಲ್ಲಿಯದಕ್ಕೆ ಹಿಡಿಯಬೇಕು?

ಸ್ಟಡ್ ಬುಡಕ್ಕೆ ವೈರ್ ಬ್ರಷ್ ಸರಿಯಾಗಿ ಹೋಗುವುದಿಲ್ಲ. ಸ್ಟಡ್ ಮೇಲೆ ಆರಾಮಾಗಿ ಇಳಿಯುವ ಒಂದು ಹಳೆ 24 ಮಿ.ಮೀ. ಸಾಕೆಟ್ (ನಟ್ ಬಿಚ್ಚುವ ಕೊಳವೆಯಂಥ ಸ್ಪ್ಯಾನರ್) ತೆಗೆದುಕೊಂಡೆ. ಅದರ ಬಾಯಿಗೆ ಎಮರಿ ಬಟ್ಟೆಯ ಬಳೆ ಕತ್ತರಿಸಿ ಅಂಟಿಸಿ ಡ್ರಿಲ್‌ಗೆ ಹಾಕಿದೆ. ತುಕ್ಕು ಪುಡಿಪುಡಿಯಾಗಿ ಬಂತು. ಲೋಹ ಕೆತ್ತಬಾರದು, ತುಕ್ಕು ಮಾತ್ರ ಹೋಗಬೇಕು. ಈಗ ಹಬ್ 0.01.

ಗೇಜ್ ಹೇಗೂ ಕೈಯಲ್ಲಿತ್ತು. ಶೆಡ್‌ನಲ್ಲಿರುವ ಹಳೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಶಾಫ್ಟ್‌ಗೂ ಇಟ್ಟು ನೋಡಿದೆ. ಕಾಫಿ ಕೊಯ್ಲು ಶುರುವಾಗುವ ಮೊದಲು ಅದೇ ಮುಂದಿನ ಕೆಲಸ. ಹೋದ ವರ್ಷ ಬೀಜಕ್ಕೆ ಗಾಯ ಜಾಸ್ತಿ ಆಗಿತ್ತು. ಸಂದು ಬಿಗಿಯಾದರೆ ಬೀಜ ಕಟ್, ಸಡಿಲವಾದರೆ ಹಣ್ಣು ಹಾಗೇ ದಾಟುತ್ತದೆ. ಡ್ರಮ್ಮೇ ಓಲಾಡುತ್ತಿದ್ದರೆ ಒಂದೇ ಸುತ್ತಿನಲ್ಲಿ ಎರಡೂ ಆಗುತ್ತದೆ. ಮುಳ್ಳು ಚೆನ್ನಾಗಿಯೇ ಕುಣಿಯಿತು. ಬುಷ್ ತೆಗೆದು ನೋಡಬೇಕು. ಡ್ರಮ್ ಮೇಲಿನ ತಾಮ್ರದ ತಗಡನ್ನೂ ಬದಲಾಯಿಸುವ ಆಸೆ ಇದೆ. ಅದರ ಕಥೆ ಬೇರೆಯೇ ಬರೆಯುತ್ತೇನೆ.

ಬಲಗಡೆ ಡಿಸ್ಕ್ ಇನ್ನೊಂದು ಸಲ ಲೇತ್‌ಗೆ ಹೋದರೆ ಅದರ ಮೇಲೆ ಅಚ್ಚು ಹಾಕಿರುವ ಕನಿಷ್ಠ ದಪ್ಪಕ್ಕಿಂತ ಕೆಳಗೆ ಇಳಿಯುತ್ತಿತ್ತು. ಹಾಗಾಗಿ ಹೊಸ ಜೋಡಿ ತರಿಸಿದೆ. ಇಲ್ಲಿ ಸಿಟ್ಟು ಬಂತು. ಆನ್‌ಲೈನ್ ಅಂಗಡಿಯವರು ಗಾಳಿ ಸಂದು ಇಲ್ಲದ ಸಾದಾ ಡಿಸ್ಕ್ ಕಳಿಸಿದ್ದರು. ನನ್ನದಕ್ಕೆ ಸಂದು ಇರುವ ವೆಂಟಿಲೇಟೆಡ್ ಡಿಸ್ಕ್ ಬೇಕು. ಫೋನ್ ಮಾಡಿದರೆ "ಫಿಟ್ ಆಗ್ತದೆ ಸರ್, ಹಾಕಿ ನೋಡಿ" ಅನ್ನುತ್ತಾರೆ. ಬ್ರೇಕ್ ಪಾರ್ಟ್ ಹಾಕಿ ನೋಡುವ ವಸ್ತುವಾ? ಘಾಟಿಯಲ್ಲಿ ಜೋಡುಪಾಲದ ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ಇದನ್ನು ಯಾರಿಗೆ ಹೇಳುವುದು? ಪೆಟ್ಟಿಗೆಯೊಳಗೆ ಎರಡೂ ಡಿಸ್ಕ್ ಒಂದರ ಮೇಲೊಂದು ಬರೀ ಪೇಪರ್ ಸುತ್ತಿ ಬಂದಿದ್ದವು, ಒಂದರ ಅಂಚು ಒಡೆದಿತ್ತು. ವಾಪಸ್ ಕಳಿಸಿ, ಮೈಸೂರಿನ ಒಂದು ಅಂಗಡಿಗೆ ಹಳೆ ಡಿಸ್ಕ್ ಹೊತ್ತುಕೊಂಡೇ ಹೋಗಿ, ಪಕ್ಕಪಕ್ಕ ಇಟ್ಟು ನೋಡಿ ತಂದೆ. ಇನ್ನು ಮುಂದೆ ಹಾಗೇ ಮಾಡುವುದು.

ಹೊಸ ಡಿಸ್ಕ್ ಮೇಲಿನ ಎಣ್ಣೆ ಬ್ರೇಕ್ ಕ್ಲೀನರ್‌ನಲ್ಲಿ ತೊಳೆದು ಬಲಗಡೆ ಕೂರಿಸಿದೆ. 0.05. ನಾಲ್ಕೂ ಜಾಗದಲ್ಲಿ ತಿರುಗಿಸಿ ಅಳೆದಾಗ ಒಂದರಲ್ಲಿ 0.03 ಬಂತು. ಅಲ್ಲೇ ಬಿಟ್ಟು, ಡಿಸ್ಕ್‌ಗೂ ಸ್ಟಡ್‌ಗೂ ಬಣ್ಣದ ಚುಕ್ಕಿ ಇಟ್ಟೆ. ಪ್ಯಾಡ್ ಕೂಡ ಹೊಸದು, ಹಳೆಯದು ಹಳೆ ಡಿಸ್ಕಿನ ಆಕಾರಕ್ಕೆ ಸವೆದಿರುತ್ತದೆ. ವೀಲ್ ನಟ್ ಎದುರುಬದುರು, ಎರಡು ಹಂತದಲ್ಲಿ, ಎಷ್ಟು ಬಿಗಿ ಆಯಿತು ಅಂತ ಹೇಳುವ ಟಾರ್ಕ್ ರೆಂಚ್‌ನಲ್ಲೇ ಬಿಗಿ ಮಾಡಿದೆ. ಪಂಕ್ಚರ್ ಅಂಗಡಿಗಳಲ್ಲಿ ಏರ್ ಗನ್ ಹಿಡಿದು ಒಂದನ್ನು ಸಾಯುವಷ್ಟು, ಇನ್ನೊಂದನ್ನು ಸುಮ್ನೆ ಮುಟ್ಟಿ ಬಿಡುತ್ತಾರೆ. ಹಬ್ ನೆಟ್ಟಗಿದ್ದರೂ ಅಷ್ಟರಿಂದಲೇ ಡಿಸ್ಕ್ ಓರೆಯಾಗಬಹುದು. ದಯವಿಟ್ಟು ಮನೆಗೆ ಬಂದು ಸಡಿಲಿಸಿ ಮತ್ತೆ ಬಿಗಿ ಮಾಡಿ.

ಪ್ಯಾಡ್ ಪಳಗಿಸಲು ಘಾಟಿಗೆ ಹೋಗಲಿಲ್ಲ. ಬೆಳಿಗ್ಗೆ ಬೇಗ, ಕುಶಾಲನಗರದ ಕಡೆ ಖಾಲಿ ರಸ್ತೆಯಲ್ಲಿ 60ರಿಂದ 15ಕ್ಕೆ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸುವುದು. ಕೊನೆಗೆ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿದೆ. ಕಾದ ಡಿಸ್ಕ್ ಮೇಲೆ ಪ್ಯಾಡ್ ಒತ್ತಿ ಹಿಡಿದು ನಿಂತರೆ ಅಲ್ಲೇ ಪ್ಯಾಡಿನ ಅಚ್ಚು ಬೀಳುತ್ತದೆ. ಘಾಟಿ ಇಳಿದು ಚಹಾಕ್ಕೆ ನಿಲ್ಲಿಸುವಾಗಲೂ ಗೇರ್‌ನಲ್ಲಿ ಬಿಟ್ಟು ಕಾಲು ತೆಗೆಯಿರಿ.

ಡಿಸ್ಕ್ ಸವೆಯಲು ಸಮಯ ಬೇಕು, ಹಾಗಾಗಿ ಈಗಲೇ ಗೆದ್ದೆ ಅನ್ನುವ ಹಾಗಿಲ್ಲ. ಬಲಗಡೆ ಡಿಸ್ಕ್‌ನ ಎಂಟು ಜಾಗದ ದಪ್ಪ ಬರೆದಿಟ್ಟಿದ್ದೇನೆ. 3,000 ಕಿ.ಮೀ. ಆದ ಮೇಲೆ ಅದೇ ಜಾಗಗಳನ್ನು ಮತ್ತೆ ಅಳೆದು ಎರಡೂ ಅಂಕಿಗಳನ್ನು ಒಟ್ಟಿಗೆ ಹಾಕುತ್ತೇನೆ.