ಸೇವೆ ಮಾಡಲು ಒಂದು ವರ್ಷ ಸ್ಕಾಟ್ಲೆಂಡ್: ಚಾರಿಟಿ ವರ್ಕರ್ ವೀಸಾ ಸಿಕ್ಕ ದಾರಿ

"ಸಂಬಳ ಇಲ್ಲ ತಾನೇ? ಹಾಗಿದ್ರೆ ಟೂರಿಸ್ಟ್ ವೀಸಾ ಸಾಕು ಬಿಡು."

ಒಂದು ವರ್ಷ ಸ್ಕಾಟ್ಲೆಂಡ್‌ನಲ್ಲಿ ಸೇವೆ ಮಾಡಲು ಹೊರಟಿದ್ದೇನೆ ಅಂದಾಗ ನಾಲ್ಕು ಜನ ನನಗೆ ಇದೇ ಮಾತು ಹೇಳಿದರು. ನಾಲ್ವರೂ ನನ್ನ ಒಳ್ಳೆಯದನ್ನೇ ಬಯಸುವವರು. ಆದರೆ ಅವರ ಮಾತು ಕೇಳಿ ಹೊರಟಿದ್ದರೆ ವಿಮಾನ ನಿಲ್ದಾಣದಿಂದಲೇ ವಾಪಸ್ ಬರಬೇಕಾಗುತ್ತಿತ್ತು. ಬ್ರಿಟನ್ನಿನ ವೀಸಾ ನಿಯಮದ ಪ್ರಕಾರ ಸಂಬಳವಿಲ್ಲದ ಕೆಲಸವೂ ಕೆಲಸವೇ. ವಿಸಿಟರ್ ವೀಸಾದಲ್ಲಿ ಹೋದವರು ನೋಂದಾಯಿತ ಚಾರಿಟಿಯೊಂದರಲ್ಲಿ ಒಟ್ಟು 30 ದಿನ ಮಾತ್ರ ಸೇವೆ ಮಾಡಬಹುದು. ಅದೂ ಬೇರೆ ಕಾರಣಕ್ಕೆ ಬಂದವರು ಜೊತೆಗೆ ಒಂದಿಷ್ಟು ದಿನ ಕೈಜೋಡಿಸುವುದಕ್ಕೆ ಇರುವ ಅವಕಾಶ. ತಿಂಗಳುಗಟ್ಟಲೆ ಸೇವೆ ಮಾಡಬೇಕೆಂದರೆ ಅದಕ್ಕೇ ಬೇರೆ ವೀಸಾ ಇದೆ. ಅದರ ಹೆಸರು ಚಾರಿಟಿ ವರ್ಕರ್ ವೀಸಾ.

ಇದು ಹೆಚ್ಚೆಂದರೆ 12 ತಿಂಗಳಿಗೆ ಸಿಗುತ್ತದೆ. 18 ವರ್ಷ ತುಂಬಿರಬೇಕು. ಇಂಗ್ಲಿಷ್ ಪರೀಕ್ಷೆ ಬೇಕಿಲ್ಲ, ಡಿಗ್ರಿ ಕೇಳುವುದಿಲ್ಲ. ಆದರೆ ಕರೆಸಿಕೊಳ್ಳುವ ಸಂಸ್ಥೆ ಇಲ್ಲದೆ ಈ ವೀಸಾಗೆ ಅರ್ಜಿ ಹಾಕಲು ಆಗುವುದೇ ಇಲ್ಲ. ಆದ್ದರಿಂದ ಮೊದಲು ಸಂಸ್ಥೆ ಹುಡುಕಿ, ಆಮೇಲೆ ವೀಸಾದ ಮಾತು.

ಸಂಸ್ಥೆ ಒಳ್ಳೆಯದಾಗಿದ್ದರೆ ಸಾಲದು, ಹೊರದೇಶದವರನ್ನು ಕರೆಸಿಕೊಳ್ಳಲು ಅದಕ್ಕೆ ಸ್ಪಾನ್ಸರ್ ಲೈಸೆನ್ಸ್ ಇರಬೇಕು. ಲೈಸೆನ್ಸ್ ಇರುವ ಸಂಸ್ಥೆಗಳ ಪೂರ್ತಿ ಪಟ್ಟಿಯನ್ನು ಬ್ರಿಟನ್ ಸರ್ಕಾರ ತನ್ನ ವೆಬ್‌ಸೈಟ್‌ನಲ್ಲಿ ಹಾಕಿದೆ. ಅದರಲ್ಲಿ ಹೆಸರಿನ ಮುಂದೆ ಊರು, ರೇಟಿಂಗ್, ಯಾವ ವೀಸಾಗೆ ಲೈಸೆನ್ಸ್ ಅನ್ನುವುದು ಇರುತ್ತದೆ. 'ಚಾರಿಟಿ ವರ್ಕರ್' ಅಂತ ಇದೆಯಾ ನೋಡಿಕೊಳ್ಳಿ. ನಾನು ಎರಡು ತಿಂಗಳು ಸುಮ್ನೆ ಕಂಡ ಕಂಡ ಚಾರಿಟಿಗಳಿಗೆಲ್ಲ ಇಮೇಲ್ ಬರೆದೆ. ಎಲ್ಲರೂ ವಿನಯವಾಗಿ "ನಮಗೆ ಲೈಸೆನ್ಸ್ ಇಲ್ಲ" ಅಂದರು. ಮೊದಲೇ ಆ ಪಟ್ಟಿ ತೆರೆದಿದ್ದರೆ ಆ ಎರಡು ತಿಂಗಳು ಉಳಿಯುತ್ತಿತ್ತು. ಬೌದ್ಧಿಕ ಅಂಗವೈಕಲ್ಯ ಇರುವವರ ಜೊತೆ ಒಂದೇ ಮನೆಯಲ್ಲಿ ಇದ್ದು ಸೇವೆ ಮಾಡುವ ಆಸೆ ಇದ್ದವರು ಕ್ಯಾಂಪ್‌ಹಿಲ್ ಸಮುದಾಯಗಳ ಬಗ್ಗೆ ಓದಿ. ಆಸ್ಟ್ರಿಯಾದಿಂದ ನಿರಾಶ್ರಿತರಾಗಿ ಬಂದ ಡಾಕ್ಟರ್ ಕಾರ್ಲ್ ಕ್ಯೋನಿಗ್ ಮತ್ತು ಗೆಳೆಯರು 1940ರಲ್ಲಿ ಸ್ಕಾಟ್ಲೆಂಡ್‌ನ ಅಬರ್ಡೀನ್ ಹತ್ತಿರ ಶುರು ಮಾಡಿದ್ದು. ಇಂಥ ಬದುಕು ಅಂದರೆ ಏನು ಅನ್ನುವುದು ಅದರಿಂದ ಅರ್ಥವಾಗುತ್ತದೆ.

ಸಂಸ್ಥೆ ಅಸಲಿಯೇ ಅಂತ ನೋಡುವುದೂ ಸುಲಭ. ಸ್ಕಾಟ್ಲೆಂಡ್‌ನ ಪ್ರತಿ ಚಾರಿಟಿಗೂ 'ಎಸ್‌ಸಿ'ಯಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ, ಅಲ್ಲಿನ ಚಾರಿಟಿ ನಿಯಂತ್ರಕರ ವೆಬ್‌ಸೈಟ್‌ನಲ್ಲಿ ಅದನ್ನು ಹಾಕಿ ನೋಡಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಚಾರಿಟಿ ಕಮಿಷನ್ ಇದೆ. ಯಾರಾದರೂ "ಸ್ಪಾನ್ಸರ್‌ಶಿಪ್ ಕೊಡಿಸ್ತೀವಿ, ಇಷ್ಟು ದುಡ್ಡು ಹಾಕಿ" ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಸೇವೆಗೆ ಕರೆಯುವ ಒಳ್ಳೆಯ ಸಂಸ್ಥೆ ನಿಮ್ಮಿಂದ ಹಾಗೆ ದುಡ್ಡು ಕೇಳುವುದಿಲ್ಲ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಈ ವೀಸಾದಲ್ಲಿ ಚಾರಿಟಿಯ ಯಾವ ಕೆಲಸ ಬೇಕಾದರೂ ಮಾಡಬಹುದು ಅಂತಲ್ಲ. ಸಂಸ್ಥೆ ಯಾವುದಕ್ಕಾಗಿ ಇದೆಯೋ ಆ ಸೇವೆಯನ್ನೇ ನೇರವಾಗಿ ಮಾಡಬೇಕು. ಆಫೀಸ್ ಫೈಲು ನೋಡಿಕೊಳ್ಳುವುದು, ಚಾರಿಟಿ ಅಂಗಡಿಯಲ್ಲಿ ಮಾರಾಟ, ದೇಣಿಗೆ ಸಂಗ್ರಹ ಇವೆಲ್ಲ ಇದರಲ್ಲಿ ಬರುವುದಿಲ್ಲ. ಕಾಯಂ ನೌಕರರ ಜಾಗ ತುಂಬಲೂ ಆಗುವುದಿಲ್ಲ. ಸಂಬಳ ಇಲ್ಲ. ಸೇವೆಗೆ ತಗಲುವ ನ್ಯಾಯವಾದ ಖರ್ಚನ್ನು ಕೊಡಬಹುದು. ನನಗೆ ಉಳಿಯಲು ಕೋಣೆ, ಊಟ ಎರಡೂ ಸಂಸ್ಥೆಯದೇ.

ಕೊನೆಗೆ ಲೈಸೆನ್ಸ್ ಇರುವ ಸಂಸ್ಥೆಯೊಂದು ಸಿಕ್ಕಿತು, ಅವರ ಜೊತೆ ವಿಡಿಯೊ ಸಂದರ್ಶನ ಎರಡು ಸಲ ಆಯಿತು. ನನ್ನ ಓದಿನ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. "ದೊಡ್ಡವರೊಬ್ಬರಿಗೆ ಸ್ನಾನ ಮಾಡಿಸಬೇಕಾಗಬಹುದು, ಆಗುತ್ತಾ?" ಅಂತ ಕೇಳಿದರು. "ಯಾರಾದರೂ ಕೋಪದಿಂದ ತಟ್ಟೆ ಎಸೆದರೆ ಏನು ಮಾಡ್ತೀರಿ?" ಅಂತಲೂ ಕೇಳಿದರು. ಈ ಪ್ರಶ್ನೆಗಳಿಗೆ ನಿಮ್ಮೊಳಗೆ ಉತ್ತರ ಹುಡುಕಿಕೊಂಡೇ ಮುಂದೆ ಹೋಗಿ. ವೀಸಾ ಸಿಗುವುದಕ್ಕಿಂತ ಇದು ಮುಖ್ಯ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಮತ್ತು ನಮ್ಮನ್ನು ಬಲ್ಲ ಇಬ್ಬರ ಪತ್ರ ಕೇಳಿದರು. ಸ್ಕಾಟ್ಲೆಂಡ್‌ನಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರ ಜೊತೆ ಇದ್ದು ಸೇವೆ ಮಾಡುವವರಿಗೆ 'ಪಿವಿಜಿ' ಅನ್ನುವ ಹಿನ್ನೆಲೆ ತಪಾಸಣೆಯೂ ಇದೆ. ಅದಕ್ಕೆ ಕಳೆದ ಐದು ವರ್ಷದ ವಿಳಾಸಗಳನ್ನು ತಾರೀಕಿನ ಸಮೇತ ಕೊಡಬೇಕಾಗುತ್ತದೆ. ಈಗಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಎಲ್ಲ ಒಪ್ಪಿಗೆಯಾದ ಮೇಲೆ ಸಂಸ್ಥೆ 'ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್' ಕೊಡುತ್ತದೆ. ಸರ್ಟಿಫಿಕೇಟ್ ಅಂದರೂ ಅದು ಕಾಗದವಲ್ಲ, ಒಂದು ಸಂಖ್ಯೆ ಅಷ್ಟೇ. ಬಂದ ದಿನದಿಂದ ಮೂರು ತಿಂಗಳೊಳಗೆ ಅದನ್ನು ಬಳಸಿ ಅರ್ಜಿ ಹಾಕಬೇಕು. ಸೇವೆ ಶುರುವಾಗುವ ತಾರೀಕಿಗೆ ಮೂರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕಲೂ ಆಗುವುದಿಲ್ಲ.

ಇನ್ನು ದುಡ್ಡಿನ ವಿಷಯ. ನಾನು ಎಡವಿದ್ದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೋದ ಮೇಲೆ ಖರ್ಚಿಗೆ ನಮ್ಮ ಹತ್ತಿರ 1,270 ಪೌಂಡ್ ಇದೆ ಅಂತ ತೋರಿಸಬೇಕು. ಆ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ಆ 28ನೇ ದಿನ, ಅರ್ಜಿ ಹಾಕುವ ದಿನಕ್ಕಿಂತ 31 ದಿನದೊಳಗೆ ಬರಬೇಕು. ನಾನು ಹಣ ಹಾಕಿದೆ, ದಿನ ಎಣಿಸಿದೆ, 29ನೇ ದಿನ ಸ್ಟೇಟ್‌ಮೆಂಟ್ ತೆಗೆಸಿದೆ. ಅರ್ಜಿಗೆ ಸೇರಿಸುವ ಮುಂಚೆ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತಾ ಹೋದೆ. 19ನೇ ದಿನ ವಿಮೆ ಕಂತು ತಾನಾಗಿಯೇ ಕಡಿತವಾಗಿತ್ತು. ಎರಡು ದಿನ ಖಾತೆಯಲ್ಲಿದ್ದ ಹಣ ಬೇಕಾದ್ದಕ್ಕಿಂತ ಕೆಳಗಿತ್ತು. ಎರಡೇ ದಿನ. ಆದರೆ ನಿಯಮದಲ್ಲಿ ಒಂದು ದಿನವೂ ಕಡಿಮೆ ಆಗುವಂತಿಲ್ಲ. ಕೈಕಾಲು ತಣ್ಣಗಾಯಿತು. ಮತ್ತೆ ಒಂದರಿಂದ ಎಣಿಸಲು ಶುರು ಮಾಡಿದೆ, ಸಂಸ್ಥೆಯವರು ನನಗಾಗಿ ಶುರುವಿನ ತಾರೀಕು ಮುಂದಕ್ಕೆ ಹಾಕಿದರು.

ನೀವು ಹೀಗೆ ಮಾಡಿ. ಕಂತು, ಬಿಲ್ಲು, ಸಬ್‌ಸ್ಕ್ರಿಪ್ಷನ್ ಯಾವುದೂ ಕಡಿತವಾಗದ ಬೇರೆ ಖಾತೆಯಲ್ಲಿ ಆ ಹಣ ಇಡಿ. ಪೌಂಡ್ ದರ ಏರಿಳಿಯುತ್ತಾ ಇರುತ್ತದೆ, ಆದ್ದರಿಂದ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿಯೇ ಇರಲಿ. ಎಲ್ಲಕ್ಕಿಂತ ಮೊದಲು ಸಂಸ್ಥೆಯನ್ನು ಒಂದು ಮಾತು ಕೇಳಿ: "ಮೊದಲ ತಿಂಗಳ ಖರ್ಚು ನೋಡಿಕೊಳ್ಳುತ್ತೇವೆ ಅಂತ ನೀವೇ ದೃಢೀಕರಿಸುತ್ತೀರಾ?" ಎ ರೇಟಿಂಗ್ ಇರುವ ಸ್ಪಾನ್ಸರ್ ಹಾಗೆ ದೃಢೀಕರಿಸಿದರೆ ನೀವು ಈ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸುವ ಅಗತ್ಯವೇ ಇರುವುದಿಲ್ಲ. ನಾನು ಕೇಳಿರಲಿಲ್ಲ. ಸಂಕೋಚ ಪಟ್ಟುಕೊಂಡು ಸುಮ್ಮನಿದ್ದೆ.

ಶುಲ್ಕ ಎರಡು. ನಾನು 2025ರ ಆಗಸ್ಟ್‌ನಲ್ಲಿ ಅರ್ಜಿ ಹಾಕಿದಾಗ ವೀಸಾ ಶುಲ್ಕ 319 ಪೌಂಡ್, ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡ್ ಇತ್ತು. ಎರಡನೆಯದನ್ನು ನೋಡಿ ಗಾಬರಿಯಾಗುವುದು ಸಹಜ. ಆದರೆ ಅದನ್ನು ಕಟ್ಟಿದ ಮೇಲೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, ನಮಗೂ ಅಲ್ಲಿಯವರ ಹಾಗೆಯೇ ಸಿಗುತ್ತದೆ. ವೀಸಾ ತಿರಸ್ಕಾರವಾದರೆ ಸರ್‌ಚಾರ್ಜ್ ವಾಪಸ್ ಬರುತ್ತದೆ, ವೀಸಾ ಶುಲ್ಕ ಬರುವುದಿಲ್ಲ. ಈ ಮೊತ್ತಗಳು ಆಗಾಗ ಏರುತ್ತವೆ, ಅರ್ಜಿ ಹಾಕುವ ವಾರ ಮತ್ತೆ ನೋಡಿಕೊಳ್ಳಿ. ಒಬ್ಬೊಬ್ಬ ಸಂಸ್ಥೆಯವರು ಇದರಲ್ಲಿ ಒಂದು ಪಾಲು ಕೊಡುವುದೂ ಉಂಟು. ಕೇಳುವುದರಲ್ಲಿ ತಪ್ಪಿಲ್ಲ.

ಆರು ತಿಂಗಳಿಗಿಂತ ಜಾಸ್ತಿ ಇರುವುದಾದರೆ ಭಾರತದಲ್ಲಿ ಇರುವವರಿಗೆ ಟಿಬಿ ಪರೀಕ್ಷೆ ಕಡ್ಡಾಯ. ಬ್ರಿಟನ್ ಸರ್ಕಾರ ಒಪ್ಪಿದ ಕ್ಲಿನಿಕ್‌ಗಳಲ್ಲೇ ಮಾಡಿಸಬೇಕು, ಬೇರೆ ಕಡೆಯ ಎಕ್ಸ್‌ರೇ ನಡೆಯುವುದಿಲ್ಲ. ತಣ್ಣಗಿನ ಫಲಕಕ್ಕೆ ಎದೆ ಒತ್ತಿ ನಿಂತೆ. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಅಂದರು. ಮುಗಿದೇ ಹೋಯಿತು. ನನ್ನ ಹಿಂದಿದ್ದ ಹುಡುಗಿಗೆ ಅಷ್ಟು ಬೇಗ ಮುಗಿಯಲಿಲ್ಲ. ಎಕ್ಸ್‌ರೇಯಲ್ಲಿ ಏನೋ ಕಲೆ ಕಂಡಿತಂತೆ, ಕಫದ ಪರೀಕ್ಷೆಗೆ ಹೇಳಿದರು. ಮೂರು ದಿನ ಕಫ ಕೊಡಬೇಕು, ಫಲಿತಾಂಶಕ್ಕೆ ಎಂಟು ವಾರದವರೆಗೂ ಕಾಯಬೇಕಾಗಬಹುದು. ಅವಳ ಕಾಲೇಜು ಆರು ವಾರಕ್ಕೆ ಶುರುವಾಗುವುದಿತ್ತು. ಬೆಂಚಿನ ಮೇಲೆ ಕೂತು ಪಾಸ್‌ಪೋರ್ಟಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಇದ್ದಳು. ಆಕೆಯ ಮುಖ ನನಗೆ ಇನ್ನೂ ನೆನಪಿದೆ. ಟಿಬಿ ಪರೀಕ್ಷೆಯ ಸರ್ಟಿಫಿಕೇಟ್ ಆರು ತಿಂಗಳು ನಡೆಯುತ್ತದೆ. ಹಾಗಾಗಿ ಸ್ಪಾನ್ಸರ್‌ಶಿಪ್ ಸಂಖ್ಯೆ ಬರುವವರೆಗೆ ಕಾಯಬೇಡಿ. ಸಂಸ್ಥೆ ಒಪ್ಪಿದ ಕೂಡಲೇ ಮಾಡಿಸಿಬಿಡಿ.

ಅರ್ಜಿ ಆನ್‌ಲೈನ್‌ನಲ್ಲೇ. ಆಮೇಲೆ ವೀಸಾ ಕೇಂದ್ರಕ್ಕೆ ಹೋಗಿ ಬೆರಳಚ್ಚು, ಫೋಟೊ ಕೊಟ್ಟು ಬರಬೇಕು. ಇಂಗ್ಲಿಷ್‌ನಲ್ಲಿ ಇಲ್ಲದ ದಾಖಲೆಗೆ ಪ್ರಮಾಣೀಕರಿಸಿದ ಅನುವಾದ ಸೇರಿಸಿ. ಸಾಮಾನ್ಯವಾಗಿ ಮೂರು ವಾರದೊಳಗೆ ಉತ್ತರ ಬರುತ್ತದೆ, ನನಗೂ ಹಾಗೇ ಬಂತು. ಪಾಸ್‌ಪೋರ್ಟ್ ತೆರೆದು ಸ್ಟಿಕ್ಕರ್ ಹುಡುಕಬೇಡಿ. 2025ರ ಜುಲೈ 15ರಿಂದ ಈ ವೀಸಾಗೆ ಸ್ಟಿಕ್ಕರ್ ಅಂಟಿಸುವುದಿಲ್ಲ, ಎಲ್ಲ ಇ-ವೀಸಾ. ಆನ್‌ಲೈನ್ ಖಾತೆ ಮಾಡಿಕೊಂಡು, ಅದರಲ್ಲಿ ಪಾಸ್‌ಪೋರ್ಟ್ ವಿವರ ಸರಿಯಾಗಿ ಕೂತಿದೆಯಾ ನೋಡಿ, ಆಮೇಲೆ ಟಿಕೆಟ್ ತಗೊಳ್ಳಿ. ಸೇವೆ ಶುರುವಾಗುವುದಕ್ಕೆ 14 ದಿನ ಮುಂಚಿನಿಂದಲೇ ದೇಶದೊಳಗೆ ಬರಬಹುದು. ಆ 14 ದಿನದಲ್ಲಿ ಒಂದು ವಾರವನ್ನಾದರೂ ಬಳಸಿಕೊಳ್ಳಿ, ನಿದ್ದೆ ಸರಿಹೋಗಲು ಅಷ್ಟು ಬೇಕು.

ಎಡಿನ್‌ಬರಾದಲ್ಲಿ ಇಳಿದಾಗ ಅಧಿಕಾರಿ ಎರಡೇ ಪ್ರಶ್ನೆ ಕೇಳಿದರು. ಏನು ಕೆಲಸ, ಎಲ್ಲಿ ಇರ್ತೀರಿ. ಸಂಸ್ಥೆಯ ಪತ್ರ ಕೈಯಲ್ಲೇ ಇತ್ತು, ತೋರಿಸಿದೆ. ಲಗೇಜಿನೊಳಗೆ ಹಾಕಬೇಡಿ ಅದನ್ನು. ಅಲ್ಲಿಂದ ನಾನು ಹೋಗಬೇಕಿದ್ದ ಅಬರ್ಡೀನ್‌ಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಬಲಗಡೆ ಕೂತರೆ ದಾರಿಯಲ್ಲಿ ಸಮುದ್ರ ಕಾಣುತ್ತದೆ.

ಬಂದ ವಾರವೇ ಹತ್ತಿರದ ಡಾಕ್ಟರ್ ಬಳಿ ಹೆಸರು ನೋಂದಾಯಿಸಿ. ಸ್ಕಾಟ್ಲೆಂಡ್‌ನಲ್ಲಿ ಡಾಕ್ಟರ್ ಬರೆದುಕೊಟ್ಟ ಔಷಧಿಗೂ ದುಡ್ಡು ಕೊಡಬೇಕಿಲ್ಲ. ಚಳಿಗಿಂತ ನನಗೆ ಕಷ್ಟವಾದದ್ದು ಕತ್ತಲೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಆಗ ನಾನಿರುವ ಮನೆಯ ಹಿರಿಯರೊಬ್ಬರು ದಿನವೂ ಊಟ ಆದ ತಕ್ಷಣ ನನ್ನ ಬೂಟು ತಂದು ಬಾಗಿಲ ಬಳಿ ಇಡುತ್ತಿದ್ದರು. ಅವರಿಗೆ ಮಾತು ಬರುವುದು ಕಡಿಮೆ. "ಈಗಲೇ" ಅನ್ನುತ್ತಾರೆ ಅಷ್ಟೇ. ಬೆಳಕು ಇರುವಾಗಲೇ ಡೀ ನದಿಯವರೆಗೆ ನಡೆದು ಬರೋಣ ಅಂತ ಅದರರ್ಥ.

12 ತಿಂಗಳ ಮೇಲೆ ಈ ವೀಸಾ ಮುಂದುವರಿಯುವುದಿಲ್ಲ, ಎಷ್ಟು ಸೇವೆ ಮಾಡಿದರೂ ಇದರಿಂದ ಅಲ್ಲಿ ಕಾಯಂ ನೆಲೆಸುವ ಹಕ್ಕೂ ಬರುವುದಿಲ್ಲ. ಇದನ್ನು ಮೊದಲೇ ಸಂಸ್ಥೆಯವರ ಜೊತೆ ಮಾತಾಡಿಕೊಳ್ಳಿ, ಜೊತೆಗಿರುವವರಿಗೂ ಬೇಗ ತಿಳಿಸಿ. ನಾನು ಬಂದು ಏಳು ತಿಂಗಳಾಯಿತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಾನು ಹೊರಡುವ ದಿನಕ್ಕೆ ಸಂಸ್ಥೆಯವರು ಒಂದು ವಿಮಾನದ ಚಿತ್ರ ಅಂಟಿಸಿದ್ದಾರೆ. ಆ ಹಿರಿಯರು ತಿಂಗಳಿಗೊಮ್ಮೆ ಹಾಳೆ ತಿರುಗಿಸಿ, ವಿಮಾನ ಎಲ್ಲಿದೆ ಅಂತ ನೋಡಿ, ಮತ್ತೆ ಈ ತಿಂಗಳ ಹಾಳೆಗೇ ವಾಪಸ್ ಬರುತ್ತಾರೆ.