"ಮಂಜಲ್ಲಿ ಏನ್ರೀ ನೋಡಿದ್ರಿ?" ಅಂತ ಕೇಳುವವರಿಗೆ

ನಾವು ಮಡಿಕೇರಿಗೆ ಹೋಗಿ ಬಂದಾಗಲೆಲ್ಲ ಯಾರಾದರೂ ಒಬ್ಬರು ಇದನ್ನು ಕೇಳೇ ಕೇಳುತ್ತಾರೆ. "ಮಳೆಗಾಲದಲ್ಲಿ ಅಲ್ಲಿಗೆ ಯಾಕ್ರೀ ಹೋಗ್ತೀರಾ? ಅದೂ ಕೊನೇ ದಿನ ಗಾಡಿನೂ ಮಾಡ್ಕೊಳ್ಳದೆ ಊರಲ್ಲೇ ಸುತ್ತಾಡ್ತೀರಂತೆ. ಮಂಜಲ್ಲಿ ಏನು ಕಾಣುತ್ತೆ?" ಫೋನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆದುಬಿಡುತ್ತೇನೆ.

ಮೊದಲ ಸಲ ನಾವೂ ಎಲ್ಲರ ಹಾಗೇ ಮಾಡಿದ್ದೆವು. ಅಬ್ಬಿ ಫಾಲ್ಸ್, ತಲಕಾವೇರಿ, ಬೈಲುಕುಪ್ಪೆ ಅಂತ ಪಟ್ಟಿ ಹಿಡಿದುಕೊಂಡು, ಕೊನೇ ದಿನವೂ ಗಾಡಿಯಲ್ಲಿ ಓಡಾಡಿ, ಒದ್ದೆ ಶೂ ಹಾಕಿಕೊಂಡು ಬಸ್‌ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಸ್ಸು ಹೊರಡುತ್ತಿತ್ತು, ಹತ್ತಿ ಕೂತ ಮೇಲೆ ತಪ್ಪು ಯಾರದು ಅಂತ ಜಗಳ. ಹುಣಸೂರು ದಾಟುವವರೆಗೂ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಇವರೇ ಹೇಳಿದರು, ಇನ್ಮೇಲೆ ಕೊನೇ ದಿನ ಗಾಡಿ ಬೇಡ, ಪಟ್ಟಿನೂ ಬೇಡ ಅಂತ.

ಈ ಸಲದ ಕೊನೇ ದಿನ ಆಗಸ್ಟ್ 3. ಬೆಳಿಗ್ಗೆ ಬಾಗಿಲು ತೆಗೆದರೆ ಎದುರುಮನೆಯೇ ಇಲ್ಲ. ರಾತ್ರಿ ಹಗ್ಗದ ಮೇಲೆ ಹಾಕಿದ್ದ ಬಟ್ಟೆ ಹಾಕಿದಾಗ ಇದ್ದದ್ದಕ್ಕಿಂತ ಜಾಸ್ತಿ ಒದ್ದೆಯಾಗಿತ್ತು. ಬೆಲ್ಲದ ಕಾಪಿ ಕುಡಿದು, ಬ್ಯಾಗನ್ನು ನಾವು ಉಳಿದುಕೊಂಡಿದ್ದ ಮನೆಯಾಕೆಯ ಹತ್ತಿರ ಬಿಟ್ಟು, ಒಂದೇ ಛತ್ರಿ ತೆಗೆದುಕೊಂಡು ಹೊರಟೆವು. (ಇನ್ನೊಂದನ್ನು ಇವರು ಬಸ್ಸಲ್ಲೇ ಬಿಟ್ಟಿದ್ದರು.)

ಕೋಟೆಯಲ್ಲಿ ಗಾರೆಯಲ್ಲಿ ಮಾಡಿದ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ದೊಡ್ಡವು. ಬಿಸಿಲಿದ್ದಾಗ ಅವು ಬರೀ ಬೊಂಬೆಗಳು. ಮಕ್ಕಳನ್ನು ಮುಂದೆ ನಿಲ್ಲಿಸಿ ಫೋಟೋ ತೆಗೆದು ಎಲ್ಲರೂ ಮುಂದೆ ಹೋಗುತ್ತಾರೆ. ಅವತ್ತು ಮಂಜಲ್ಲಿ ನಡೆಯುತ್ತಾ ಹೋದರೆ ಹತ್ತು ಹೆಜ್ಜೆ ದೂರದಲ್ಲಿ ಮೊದಲು ಒಂದು ಸೊಂಡಿಲು ಬಂತು, ಆಮೇಲೆ ಹಣೆ, ಕಿವಿ. ಇವರು ನನ್ನ ಕೈ ಹಿಡಿದುಕೊಂಡರು. ಹೆದರಲಿಲ್ಲ, ಜಾರಿತು ಅಷ್ಟೇ ಅಂತ ಇವತ್ತಿಗೂ ವಾದ!

ಅಲ್ಲಿಂದ ಓಂಕಾರೇಶ್ವರ. 1820ರಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ ದೇವಸ್ಥಾನ, ಆದರೆ ಹೊರಗಿಂದ ನೋಡಿದರೆ ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು, ಗೊತ್ತಿಲ್ಲದವರು ದರ್ಗಾ ಅಂದುಕೊಳ್ಳಬೇಕು. ಎದುರಿನ ಕೊಳದ ನಡುವೆ ಒಂದು ಪುಟ್ಟ ಮಂಟಪವಿದೆ. ನೀರಿಗೂ ಮಂಜಿಗೂ ವ್ಯತ್ಯಾಸವೇ ಗೊತ್ತಾಗದೆ ಆ ಮಂಟಪ ಗಾಳಿಯಲ್ಲಿ ನಿಂತ ಹಾಗಿತ್ತು. ಮೆಟ್ಟಿಲ ಮೇಲೆ ಒಂದು ಗಂಟೆ ಕೂತಿದ್ದೆವು. ಏನು ಮಾತಾಡಿದೆವು ಅಂತ ಕೇಳಬೇಡಿ. ಗ್ಯಾಸ್ ಆಫ್ ಮಾಡಿ ಬಂದಿದ್ದೀವಾ, ಮಗಳಿಗೆ ಫೋನ್ ಮಾಡಬೇಕು, ಅಂಥವೇ.

ರಾಜಾಸೀಟ್‌ಗೂ ಹೋದೆವು. ಎಲ್ಲರೂ ಬಿಳೀ ಗೋಡೆಯಂಥ ಮಂಜಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಎರಡೇ ನಿಮಿಷ ಮಂಜು ಸರಿದು ಕೆಳಗೆ ಹಸಿರು ಗದ್ದೆ, ಹಾವಿನಂಥ ರಸ್ತೆ ಕಂಡವು. ಫೋನ್ ತೆಗೆಯುವಷ್ಟರಲ್ಲಿ ಮತ್ತೆ ಮುಚ್ಚಿಕೊಂಡಿತು.

ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. 2018ರ ಆಗಸ್ಟ್‌ನಲ್ಲಿ ಇದೇ ಕೊಡಗಿನಲ್ಲಿ ಗುಡ್ಡ ಕುಸಿದು ಎಷ್ಟೋ ಜನ ಮನೆ ಕಳೆದುಕೊಂಡರು. ಹಾಗಾಗಿ ಹೊರಡುವ ಮುಂಚೆ ಊರಿನವರಿಗೆ ಫೋನ್ ಮಾಡುತ್ತೇವೆ. ಅವರು ಬೇಡ ಅಂದರೆ ಬೇಡ. ನಮ್ಮ ಮಂಜಿನ ಹುಚ್ಚಿಗೆ ಅವರಿಗೆ ತೊಂದರೆ ಯಾಕೆ, ಅಲ್ವಾ?

ಸಂಜೆ ಬ್ಯಾಗ್ ತೆಗೆದುಕೊಳ್ಳಲು ಹೋದರೆ ಮನೆಯೆಲ್ಲ ಏನೋ ಘಮ. ಕೊಡವರಿಗೆ ಇದು ಕಕ್ಕಡ ತಿಂಗಳು, ಅವತ್ತು ಹದಿನೆಂಟನೇ ದಿನ, ಕಕ್ಕಡ ಪದಿನೆಟ್ಟ್. ಅವತ್ತು ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಅನ್ನುವ ನಂಬಿಕೆ. ಸೊಪ್ಪು ನೋಡಲು ಸಾಧಾರಣ ಹಸಿರು. ದಂಟಿನ ಸಮೇತ ನೀರಲ್ಲಿ ಕುದಿಸಿದರೆ ಮಾತ್ರ ನೇರಳೆ ಹಣ್ಣಿನ ಬಣ್ಣ ಬಿಡುತ್ತದೆ. ಆ ನೀರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ ಮಾಡಿದ್ದರು. ಮೇಲೆ ಒಂದು ಚಮಚ ತುಪ್ಪ. ಬೆಳ್ಳಗಿನ ಬಟ್ಟಲಲ್ಲಿ ಆ ಗಾಢ ನೇರಳೆ, ಅಂಚಲ್ಲಿ ತುಪ್ಪದ ಹಳದಿ ಗೆರೆ. ಇವರು ಮೂರು ಬಟ್ಟಲು ತಿಂದರು. ಇಡೀ ದಿನ ಊರೆಲ್ಲ ಸುತ್ತಿದ್ದವರು ಅಲ್ಲಿಂದ ಏಳಲು ಮಾತ್ರ ಮನಸ್ಸು ಮಾಡಲಿಲ್ಲ.

ಹೊರಡುವಾಗ ಆಕೆ ನನ್ನನ್ನು ಪಕ್ಕಕ್ಕೆ ಕರೆದು ನಕ್ಕು, "ನಾಳೆ ಬೆಳಿಗ್ಗೆ ಮೂತ್ರ ಕೆಂಪಗೆ ಹೋಗುತ್ತೆ, ಹೆದರಬೇಡಿ. ನಿಮ್ಮ ಯಜಮಾನರಿಗೂ ಹೇಳಿ" ಅಂದರು. ಆಯ್ತು ಅಂದೆ. ರಾತ್ರಿ ಬಸ್ಸು ಹತ್ತಿದ ಕೂಡಲೇ ಇವರು ನನ್ನ ಭುಜದ ಮೇಲೆ ತಲೆಯಿಟ್ಟು ಗೊರಕೆ ಶುರುಮಾಡಿದರು. ನನಗೂ ಮರೆತೇಹೋಯಿತು.

ಬೆಂಗಳೂರಿನ ಮನೆ ತಲುಪಿ ನಾನು ಹಾಲು ಕಾಯಿಸುತ್ತಿದ್ದೆ. ಬಚ್ಚಲುಮನೆಯಿಂದ ಇವರು ಕೂಗಿದ್ದು ಮೂರನೇ ಮನೆಗೆ ಕೇಳಿಸಿರಬೇಕು.